ಇಎಸ್‌ಐ ಕಾಯಿಲೆ ಭತ್ಯೆ ಮತ್ತು ಅಂಗಡಿ ಕಾಯ್ದೆಯ 12 ದಿನ: ಕಾರವಾರ, ಶಿರಸಿಯ ನೌಕರರ ಕೈಗೆ ಸಿಗುವುದೆಷ್ಟು?

ಕಾರವಾರದ ಬಟ್ಟೆ ಅಂಗಡಿಯಲ್ಲೋ, ಶಿರಸಿಯ ಅಡಿಕೆ ವಖಾರಿಯ ಲೆಕ್ಕದ ಮೇಜಿನಲ್ಲೋ, ಗೋಕರ್ಣದ ಹೋಟೆಲಿನಲ್ಲೋ ದುಡಿಯುವವರಿಗೆ ಜ್ವರ ಬಂದರೆ, ಸಂಬಳ ಕಳೆದುಕೊಳ್ಳದೆ ಮಲಗಲು ಎರಡು ದಾರಿಗಳಿವೆ. ಒಂದು, 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕೊಡುವ 12 ದಿನಗಳ ಸಂಬಳ ಸಹಿತ ರಜೆ. ಇನ್ನೊಂದು, ನೌಕರರ ರಾಜ್ಯ ವಿಮಾ ನಿಗಮದ, ಅಂದರೆ ಇಎಸ್‌ಐಯ, ಕಾಯಿಲೆ ಭತ್ಯೆ. ಇಲ್ಲಿ ತೂಗಿ ನೋಡಿರುವುದು ಹೆಚ್ಚಾಗಿ ಎರಡನೆಯದನ್ನು. ಅದು ನೌಕರರು ತಿಂಗಳು ತಿಂಗಳು ದುಡ್ಡು ಕಟ್ಟಿ ಪಡೆಯುವ ಸೇವೆ, ಹಾಗಾಗಿ ಹೇಗೆ ನಡೆಯುತ್ತದೆ ಎಂದು ಕೇಳುವ ಹಕ್ಕು ಅವರಿಗಿದೆ. ಆದರೆ ಅಂಗಡಿ ಕಾಯ್ದೆಯ ರಜೆಯನ್ನು ಬದಿಗಿಟ್ಟು ಇಎಸ್‌ಐ ಬಗ್ಗೆ ಮಾತಾಡುವಂತಿಲ್ಲ. ಇಎಸ್‌ಐ ಬಿಟ್ಟುಬಿಡುವ ಮೊದಲ ಎರಡು ದಿನವನ್ನು ತುಂಬಿಕೊಡುವುದು ಆ ರಜೆಯೇ.

ನಮ್ಮ ತೀರ್ಮಾನವನ್ನು ಮೊದಲೇ ಹೇಳುತ್ತೇವೆ. ಕೊಡುವ ದುಡ್ಡಿಗೆ ಹೋಲಿಸಿದರೆ ಇಎಸ್‌ಐ ತುಂಬ ಒಳ್ಳೆಯ ಸೇವೆ. ಆದರೆ ಅದು ತಾರೀಖಿನ ಮೇಲೆ ನಿಂತ ಸೇವೆ. ಕಾಯಿಲೆ ಬಿದ್ದ ದಿನವೇ ಇಎಸ್‌ಐ ವೈದ್ಯರ ಮುಂದೆ ನಿಲ್ಲದವರಿಗೆ ಸಿಗಬೇಕಾದ ಹಣ ದಿನದಿನಕ್ಕೂ ಕರಗುತ್ತದೆ. ಚಿಕಿತ್ಸಾಲಯ ದೂರ ಇರುವ ಉತ್ತರ ಕನ್ನಡದಲ್ಲಿ ಇದು ಸಣ್ಣ ತೊಡಕಲ್ಲ.

ಮೊದಲು ಬೆಲೆ ನೋಡೋಣ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐ ಒಳಗೆ ಬರುತ್ತಾರೆ. ವಿಶೇಷಚೇತನರಿಗೆ ಈ ಮಿತಿ 25,000. 2019ರ ಜುಲೈ 1ರಿಂದ ನೌಕರರ ಪಾಲು ಸಂಬಳದ ಶೇ. 0.75, ಮಾಲಕರ ಪಾಲು ಶೇ. 3.25. ಸಂಬಳ 15,000 ಇದ್ದರೆ ನಿಮ್ಮಿಂದ ಕಡಿತವಾಗುವುದು 113 ರೂಪಾಯಿ, ಮಾಲಕರು ಕೊಡುವುದು 488. ವರ್ಷಕ್ಕೆ ನಿಮ್ಮ ಪಾಲು 1,356 ರೂಪಾಯಿ. ಇಷ್ಟಕ್ಕೆ ನಿಮಗೂ ಮನೆಯವರಿಗೂ ಚಿಕಿತ್ಸೆ, ಜೊತೆಗೆ ಕಾಯಿಲೆಯ ದಿನಗಳಿಗೆ ಸರಾಸರಿ ದಿನದ ಸಂಬಳದ ಶೇ. 70ರಷ್ಟು ಹಣ, ವರ್ಷದಲ್ಲಿ 91 ದಿನಗಳವರೆಗೆ. ದಿನಕ್ಕೆ 500 ರೂಪಾಯಿ ಸರಾಸರಿ ಇರುವವರಿಗೆ 350 ಬರುತ್ತದೆ. ಒಂದು ವಾರದ ಜ್ವರಕ್ಕೆ ಎರಡು ದಿನ ಬಿಟ್ಟು ಐದು ದಿನಕ್ಕೆ 1,750. ಅಷ್ಟರಲ್ಲೇ ವರ್ಷವಿಡೀ ಕಟ್ಟಿದ್ದು ತಿರುಗಿ ಬಂದಾಯಿತು. ಸಂಬಳ ಏರಿ ನಡುವೆ 21,000 ದಾಟಿದರೂ ಆ ವಂತಿಗೆ ಅವಧಿ, ಅಂದರೆ ದುಡ್ಡು ಕಟ್ಟುವ ಆರು ತಿಂಗಳ ಅವಧಿ, ಮುಗಿಯುವ ತನಕ ನೀವು ಇಎಸ್‌ಐ ಒಳಗೇ ಇರುತ್ತೀರಿ. ಸಂಬಳ ಏರಿದ ತಿಂಗಳೇ ಹೆಸರು ತೆಗೆಸುವ ಲೆಕ್ಕಿಗರಿದ್ದಾರೆ, ಅದು ತಪ್ಪು.

ಇನ್ನು ಅಂಗಡಿ ಕಾಯ್ದೆ. ಇದರ 15ನೇ ಕಲಮಿನಲ್ಲಿ ಎರಡು ಬೇರೆ ಬೇರೆ ರಜೆಗಳಿವೆ. ಮಾಲಕರೂ ನೌಕರರೂ ಎರಡನ್ನೂ ಕಲಸಿಬಿಡುತ್ತಾರೆ. ಗಳಿಕೆ ರಜೆಗೆ ಒಂದು ವರ್ಷದಲ್ಲಿ 240 ದಿನ ಕೆಲಸ ಮಾಡಿರಬೇಕು. ಆಮೇಲೆ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನದಂತೆ ಮುಂದಿನ ವರ್ಷ ಸಿಗುತ್ತದೆ. ಕಾಯಿಲೆ, ಅಪಘಾತ ಅಥವಾ ಬೇರೆ ಸಮಂಜಸ ಕಾರಣಕ್ಕೆ ಕೊಡುವ 12 ದಿನಕ್ಕೆ ಈ 240ರ ಷರತ್ತಿಲ್ಲ. ಸೇವೆಯ ಮೊದಲ ಹನ್ನೆರಡು ತಿಂಗಳಲ್ಲೇ ಅದು ಸಿಗಬೇಕು. “ಇನ್ನೂ ವರ್ಷ ತುಂಬಲಿಲ್ಲ, ರಜೆ ಎಲ್ಲಿಂದ?” ಎಂಬ ಮಾತು ಗಳಿಕೆ ರಜೆಗೆ ಸರಿ, ಕಾಯಿಲೆ ರಜೆಗೆ ಸರಿಯಲ್ಲ. ಇಲ್ಲಿ ವರ್ಷ ಎಂದರೆ ನೀವು ಸೇರಿದ ತಾರೀಖಿನಿಂದ ಎಣಿಸುವ ಹನ್ನೆರಡು ತಿಂಗಳು. ಜೂನ್ 10ಕ್ಕೆ ಸೇರಿದವರಿಗೆ ಮುಂದಿನ ಜೂನ್ 10ಕ್ಕೆ ಹೊಸ 12 ದಿನ ಶುರು. ಬಳಸದೆ ಉಳಿದದ್ದು ಮುಂದಿನ ವರ್ಷಕ್ಕೆ ಸೇರುವುದಿಲ್ಲ. ವಾರದ ರಜೆ ಬೇರೆ ಲೆಕ್ಕ, ಅದನ್ನು ಈ ಹನ್ನೆರಡರಲ್ಲಿ ಕಳೆಯುವಂತಿಲ್ಲ.

ಈ 12 ದಿನದ ದೊಡ್ಡ ಗುಣ ಅದು ಪೂರ್ತಿ ಸಂಬಳದ ರಜೆ ಎನ್ನುವುದು. ಇಎಸ್‌ಐ ಶೇ. 70 ಕೊಡುವಲ್ಲಿ ಇದು ನೂರಕ್ಕೆ ನೂರು. ಆದ್ದರಿಂದ ಮೂರು ನಾಲ್ಕು ದಿನದ ಶೀತಜ್ವರ, ಹೊಟ್ಟೆ ಕೆಟ್ಟದ್ದು, ಹಲ್ಲು ಕೀಳಿಸಿದ್ದು ಇಂಥವಕ್ಕೆ ಅಂಗಡಿ ರಜೆಯೇ ಲಾಭ. ಡೆಂಗಿ, ಕಾಮಾಲೆ, ಇಲಿಜ್ವರ, ಮೂಳೆ ಮುರಿತ, ಶಸ್ತ್ರಚಿಕಿತ್ಸೆ ಇವು ವಾರಗಟ್ಟಲೆ ಎಳೆಯುತ್ತವೆ. ಅಲ್ಲಿ ಇಎಸ್‌ಐ ಬೇಕು. ಒಂದೇ ದಿನಕ್ಕೆ ಎರಡೂ ಕಡೆಯಿಂದ ಹಣ ಸಿಗುವುದಿಲ್ಲ. ಸಂಬಳ ಸಹಿತ ರಜೆ ಪಡೆದ ದಿನಕ್ಕೆ ಇಎಸ್‌ಐ ಭತ್ಯೆ ಇಲ್ಲ.

ಎರಡನ್ನೂ ಸೇರಿಸುವ ಸರಿಯಾದ ಕ್ರಮ ಹೀಗಿದೆ. ಕಾಯಿಲೆಯ ಮೊದಲ ದಿನವೇ ಇಎಸ್‌ಐ ವೈದ್ಯರಿಗೆ ತೋರಿಸಿ ಪ್ರಮಾಣಪತ್ರ ಬರೆಸಿಕೊಳ್ಳಿ. ಪ್ರಮಾಣಪತ್ರದ ಮೊದಲ ಎರಡು ದಿನ ಕಾಯುವ ಅವಧಿ, ಇಎಸ್‌ಐ ಏನೂ ಕೊಡುವುದಿಲ್ಲ. ಆ ಎರಡು ದಿನಕ್ಕೆ ರಜೆ ಖಾತೆಯಲ್ಲಿರುವ ದಿನಗಳನ್ನು ಬರೆಸಿ. ಮೂರನೆಯ ದಿನದಿಂದ ಭತ್ಯೆ ಶುರು. ಮೇಲಿನ ಉದಾಹರಣೆಯಲ್ಲಿ ಏಳು ದಿನಕ್ಕೆ 1,000 ಸಂಬಳ, 1,750 ಭತ್ಯೆ, ಒಟ್ಟು 2,750 ಬರುತ್ತದೆ. ಅದೇ ನೌಕರರು “ಮೊದಲು ಅಂಗಡಿ ರಜೆ ಮುಗಿಯಲಿ, ಆಮೇಲೆ ಇಎಸ್‌ಐ” ಎಂದು ವಾರ ಕಳೆದು ಎಂಟನೇ ದಿನ ವೈದ್ಯರ ಹತ್ತಿರ ಹೋದರೆ, ಪ್ರಮಾಣಪತ್ರ ಶುರುವಾಗುವುದೇ ಎಂಟನೇ ದಿನ. ಎಂಟು, ಒಂಬತ್ತು ಎರಡೂ ಕಾಯುವ ದಿನಗಳಾಗುತ್ತವೆ. ಹಿಂದಿನ ತಾರೀಖು ಹಾಕಿ ಬರೆದುಕೊಡಿ ಎಂದು ವೈದ್ಯರನ್ನು ಕೇಳಬೇಡಿ, ತಪಾಸಣೆಯ ದಿನವನ್ನೇ ಅವರು ಬರೆಯಬೇಕು. ಅಂಗಡಿ ರಜೆಯಲ್ಲೇ ಗುಣವಾಗಬಹುದು ಅನ್ನಿಸಿದರೂ ಮೊದಲ ದಿನ ತೋರಿಸಿ ಬರುವುದು ಒಳ್ಳೆಯದು. ಜ್ವರ ಯಾವ ಕಡೆ ತಿರುಗುತ್ತದೆ ಎಂದು ಮೊದಲ ದಿನ ಗೊತ್ತಾಗುವುದಿಲ್ಲ.

ಕಾಯುವ ಎರಡು ದಿನಕ್ಕೆ ಒಂದು ವಿನಾಯಿತಿಯಿದೆ, ಘಟ್ಟದ ಮೇಲಿನವರು ಇದನ್ನು ತಿಳಿದಿರಲೇಬೇಕು. ಹಿಂದಿನ ಕಾಯಿಲೆಯ ಭತ್ಯೆ ಮುಗಿದು 15 ದಿನದೊಳಗೆ ಮತ್ತೆ ಕಾಯಿಲೆ ಬಿದ್ದರೆ ಹೊಸದಾಗಿ ಎರಡು ದಿನ ಕಾಯಬೇಕಾಗಿಲ್ಲ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾಯಿತು. ಸಿದ್ದಾಪುರ ಸೀಮೆಗೆ ಅದು ಹೊಸತಲ್ಲ. ಕೆಲವರಿಗೆ ಮೊದಲ ಜ್ವರ ಇಳಿದು ಒಂದೆರಡು ವಾರ ಆರಾಮ ಎನ್ನಿಸಿ ಮತ್ತೆ ಜ್ವರ, ತಲೆನೋವು ಮರುಕಳಿಸುತ್ತದೆ. ಅಂಥವರು ಎರಡನೇ ಸಲ ವೈದ್ಯರ ಹತ್ತಿರ ಹೋದಾಗ ಹಿಂದಿನ ಕೊನೆಯ ಪ್ರಮಾಣಪತ್ರವನ್ನೂ ಒಯ್ಯಬೇಕು. 15 ದಿನದೊಳಗಿದ್ದರೆ ಮೊದಲ ದಿನದಿಂದಲೇ ಹಣ ಸಿಗಬೇಕು.

ಈಗ ಅರ್ಹತೆಯ ಲೆಕ್ಕ. ಇಎಸ್‌ಐಯಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲೇ. ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ಮಾಡಿದ್ದಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ ಸಿಗುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದರ ಫಲ ಜುಲೈಯಿಂದ ಡಿಸೆಂಬರ್‌ವರೆಗೆ. ಆಯಾ ಅವಧಿಯಲ್ಲಿ ಕನಿಷ್ಠ 78 ದಿನಕ್ಕೆ ವಂತಿಗೆ ಬಿದ್ದಿರಬೇಕು. ಹೊಸದಾಗಿ ಸೇರಿದವರಿಗೆ ಚಿಕಿತ್ಸೆ ಮೊದಲ ದಿನದಿಂದಲೇ ಉಂಟು, ಆದರೆ ನಗದು ಭತ್ಯೆ ಒಂಬತ್ತು ತಿಂಗಳ ನಂತರ.

ಗೋಕರ್ಣ, ಮುರುಡೇಶ್ವರ ಕಡೆಯ ಹೋಟೆಲು, ರೆಸಾರ್ಟುಗಳಲ್ಲಿ ಸೀಸನ್ ಕೆಲಸ ಮಾಡುವವರ ಪಾಡನ್ನು ಇದರಲ್ಲಿಟ್ಟು ನೋಡಿ. ಮಳೆಗಾಲಕ್ಕೆ ಜನ ಕಡಿಮೆ ಮಾಡುತ್ತಾರೆ. ಜೂನ್ 1ಕ್ಕೆ ಮನೆಗೆ ಕಳಿಸಿ ಅಕ್ಟೋಬರಿಗೆ ಮತ್ತೆ ಕರೆದರೆ, ಏಪ್ರಿಲ್–ಸೆಪ್ಟೆಂಬರ್ ಅವಧಿಯಲ್ಲಿ ಅವರ ಹೆಸರಿಗೆ ಹೆಚ್ಚೆಂದರೆ 61 ದಿನ. 78 ತುಂಬಲಿಲ್ಲ. ಹಾಗಾಗಿ ಜನವರಿಯಿಂದ ಜೂನ್‌ವರೆಗೆ, ಅಂದರೆ ಕೆಲಸ ಮೈತುಂಬ ಇರುವ ಕಾಲದಲ್ಲಿ, ಕಾಯಿಲೆ ಬಿದ್ದರೆ ನಗದು ಭತ್ಯೆ ಇಲ್ಲ. ಪ್ರತಿ ತಿಂಗಳೂ ಶೇ. 0.75 ಕಡಿತ ಮಾತ್ರ ನಡೆದೇ ಇರುತ್ತದೆ. ಇದು ಈ ಯೋಜನೆಯ ನಿಜವಾದ ಅನ್ಯಾಯ, ಕರಾವಳಿಯ ಹೋಟೆಲ್ ಕೆಲಸಗಾರರಿಗೆ ನೇರವಾಗಿ ಬಡಿಯುತ್ತದೆ. ಮಾಲಕರು ಮನಸ್ಸು ಮಾಡಿದರೆ ಜೂನ್ 17ರ ತನಕ ಸಂಬಳದ ಪಟ್ಟಿಯಲ್ಲಿ ಇಟ್ಟುಕೊಂಡರೂ ಸಾಕು, 78 ತುಂಬುತ್ತದೆ. ಮಳೆಗಾಲದ ದುರಸ್ತಿ, ಬಣ್ಣ, ಸ್ವಚ್ಛತೆಯ ಕೆಲಸಕ್ಕೆ ಹೊರಗಿನವರನ್ನು ಕರೆಸುವ ಬದಲು ಇವರನ್ನೇ ಆ ಎರಡೂವರೆ ವಾರ ಇಟ್ಟುಕೊಳ್ಳಬಹುದು. ಕೆಲಸಕ್ಕೆ ಸೇರುವಾಗಲೇ ಈ ಮಾತನ್ನು ಆಡಿಕೊಳ್ಳುವುದು ಲೇಸು.

ಹಣ ಬರದೆ ನಿಂತುಹೋಗುವ ಕಾರಣಗಳು ಬಹುಪಾಲು ಗೊತ್ತಿರುವಂಥವೇ. ಮೊದಲನೆಯದು ಬ್ಯಾಂಕ್ ಖಾತೆ. ನಮ್ಮ ಕಡೆ ಸಿಂಡಿಕೇಟ್ ಬ್ಯಾಂಕಿನ ಖಾತೆಗಳು ಮನೆಮನೆಗೆ ಇದ್ದವು. 2020ರ ಏಪ್ರಿಲ್ 1ಕ್ಕೆ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, 2021ರ ಜುಲೈಯಿಂದ ಹಳೆಯ ಐಎಫ್‌ಎಸ್‌ಸಿ ಸಂಕೇತ ನಡೆಯುವುದಿಲ್ಲ. ಇಎಸ್‌ಐ ದಾಖಲೆಯಲ್ಲಿ ಹಳೆ ಸಂಕೇತವೇ ಉಳಿದಿದ್ದರೆ ಹಣ ವಾಪಸು ಹೋಗುತ್ತದೆ. ಕಾರ್ಪೊರೇಷನ್ ಬ್ಯಾಂಕ್, ವಿಜಯಾ ಬ್ಯಾಂಕ್ ಖಾತೆದಾರರಿಗೂ ಇದೇ ಮಾತು. ಹೊಸ ಪಾಸ್‌ಬುಕ್ಕಿನ ಮೊದಲ ಪುಟ ಕೊಟ್ಟು ಆರೋಗ್ಯವಾಗಿರುವಾಗಲೇ ತಿದ್ದಿಸಿಕೊಳ್ಳಿ. ಆಧಾರ್‌ನಲ್ಲಿ ಒಂದು ಹೆಸರು, ಇಎಸ್‌ಐಯಲ್ಲಿ ಇನ್ನೊಂದು ಇರುವುದು ಎರಡನೇ ಕಾರಣ. ತಂದೆಯ ಹೆಸರು, ಅಡ್ಡಹೆಸರು ಎಲ್ಲಿ ಬರುತ್ತದೆ ಎಂಬುದರಲ್ಲೇ ಉತ್ತರ ಕನ್ನಡದ ಎಷ್ಟೋ ದಾಖಲೆಗಳು ಹೊಂದುವುದಿಲ್ಲ.

ಮೂರನೆಯದು ಮಾಲಕರ ದೃಢೀಕರಣ. ನೌಕರರು ಇಂಥ ದಿನದಿಂದ ಇಂಥ ದಿನದವರೆಗೆ ಕೆಲಸಕ್ಕೆ ಬರಲಿಲ್ಲ, ಆ ದಿನಗಳಿಗೆ ಸಂಬಳ ಕೊಟ್ಟಿಲ್ಲ ಎಂದು ಸಂಸ್ಥೆ ಒಪ್ಪಬೇಕು. ಹಾಜರಿ ಪುಸ್ತಕದಲ್ಲಿ ಯಾರೋ ಮರೆತು ಹಾಜರಿ ಹಾಕಿಟ್ಟಿದ್ದರೆ ಅರ್ಜಿ ಅಲ್ಲೇ ನಿಂತಿತು. ಕಾಯಿಲೆಯ ನಡುವೆ “ಅರ್ಧ ದಿನ ಬಂದು ಹೋಗು, ಜನ ಇಲ್ಲ” ಎಂದು ಕರೆದರೆ ಹೋಗಬೇಡಿ. ದುಡಿದ ದಿನಕ್ಕೆ ಭತ್ಯೆ ಇಲ್ಲ, ಉಳಿದ ದಿನಗಳ ಮೇಲೂ ಅನುಮಾನ ಬರುತ್ತದೆ. ವಾರಕ್ಕಿಂತ ಹೆಚ್ಚು ಎಳೆದರೆ ವಾರ ವಾರ ಮಧ್ಯಂತರ ಪ್ರಮಾಣಪತ್ರ ಬೇಕು. ಕೆಲಸಕ್ಕೆ ಮರಳುವ ಮೊದಲು ಗುಣವಾಗಿದೆ ಎಂಬ ಕೊನೆಯ ಪ್ರಮಾಣಪತ್ರವೂ ಬೇಕು. ಕೊನೆಯದನ್ನು ತಪ್ಪಿಸುವವರೇ ಹೆಚ್ಚು. ಜ್ವರ ಬಿಟ್ಟ ಕೂಡಲೇ ಸೀದಾ ಅಂಗಡಿಗೆ ಹೋಗುತ್ತಾರೆ, ಅರ್ಜಿ ಅರ್ಧಕ್ಕೆ ಉಳಿಯುತ್ತದೆ.

ಇನ್ನೊಂದಿದೆ, ಅದು ಅಪರಾಧ. ಸಂಬಳದಿಂದ ಇಎಸ್‌ಐ ಕಡಿತ ಮಾಡಿ ನಿಗಮಕ್ಕೆ ಕಟ್ಟದೇ ಇರುವುದು. ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನಿಮ್ಮ ಹತ್ತು ಅಂಕಿಯ ವಿಮಾ ಸಂಖ್ಯೆ ಹಾಕಿ ಇಎಸ್‌ಐ ಪೋರ್ಟಲಿನಲ್ಲಿ ತಿಂಗಳುವಾರು ವಂತಿಗೆ ನೋಡಬಹುದು, ಭತ್ಯೆಗೆ ಅರ್ಹತೆ ಇದೆಯೇ ಎನ್ನುವುದೂ ಅಲ್ಲೇ ಕಾಣುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ನೋಡಿ. ಖಾಲಿ ತಿಂಗಳು ಕಂಡರೆ ಸಂಬಳ ಚೀಟಿ ಮತ್ತು ಬ್ಯಾಂಕಿಗೆ ಬಿದ್ದ ಮೊತ್ತದ ದಾಖಲೆ ಎತ್ತಿಡಿ. ಮಾಲಕರು ಕಟ್ಟಿಲ್ಲ ಎಂಬ ಕಾರಣಕ್ಕೆ ನೌಕರರ ಹಕ್ಕು ಹೋಗಬೇಕಿಲ್ಲ. ನಿಗಮ ನೌಕರರಿಗೆ ಕೊಟ್ಟು ಮಾಲಕರಿಂದ ವಸೂಲು ಮಾಡಲು ಕಾನೂನಿನಲ್ಲಿ ದಾರಿಯಿದೆ.

ದೂರದ ವಿಷಯ. ಜಿಲ್ಲೆಯಲ್ಲಿ ಇಎಸ್‌ಐಗೆಂದೇ ಇರುವ ಆಸ್ಪತ್ರೆ ದಾಂಡೇಲಿಯಲ್ಲಿದೆ. ಭಟ್ಕಳದವರಿಗೂ ಶಿರಸಿಯವರಿಗೂ ಅದು ಒಂದು ದಿನದ ಕೆಲಸ, ಜ್ವರ ಹೊತ್ತು ಬಸ್ಸಿನಲ್ಲಿ ಕೂತು ಹೋಗುವ ದಾರಿಯಲ್ಲ. 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಾಗ ಹತ್ತಿರದ ಊರೂ ದೂರವಾಯಿತು. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವುದೂ ಪ್ರತಿದಿನ ಖಾತರಿಯಲ್ಲ. ಹಾಗಾಗಿ ನಿಮ್ಮ ಹೆಸರಿಗೆ ಯಾವ ಚಿಕಿತ್ಸಾಲಯ ಅಥವಾ ಯಾವ ಒಪ್ಪಂದದ ವೈದ್ಯರನ್ನು ಹಚ್ಚಿದ್ದಾರೆ ಎಂದು ಇವತ್ತೇ ನೋಡಿಡಿ. ಮನೆ ಅಥವಾ ಕೆಲಸದ ಜಾಗ ಬದಲಾಗಿದ್ದರೆ ಹತ್ತಿರದ್ದಕ್ಕೆ ಬದಲಿಸಿಕೊಳ್ಳಿ. ತುರ್ತಿನಲ್ಲಿ ಕಾರವಾರದ ಕ್ರಿಮ್ಸ್ ಸರ್ಕಾರಿ ಆಸ್ಪತ್ರೆಗೋ ಶಿರಸಿಯ ಪಂಡಿತ ಆಸ್ಪತ್ರೆಗೋ ಖಾಸಗಿ ವೈದ್ಯರ ಹತ್ತಿರವೋ ಹೋಗಬೇಕಾದರೆ ಚೀಟಿ, ಪರೀಕ್ಷಾ ವರದಿ, ಬಿಡುಗಡೆ ಪತ್ರ ಎಲ್ಲವನ್ನೂ ಇಟ್ಟುಕೊಂಡು ಸಾಧ್ಯವಾದ ಮೊದಲ ದಿನ ಇಎಸ್‌ಐ ವೈದ್ಯರಿಗೆ ಕೊಡಿ. ಹೊರಗಿನ ವೈದ್ಯರ ಪತ್ರವನ್ನು ಪರ್ಯಾಯ ಸಾಕ್ಷ್ಯವಾಗಿ ಇಎಸ್‌ಐ ಒಪ್ಪಬಹುದು, ಒಪ್ಪಲೇಬೇಕೆಂದಿಲ್ಲ. ರಸ್ತೆ ಮುಚ್ಚಿತ್ತು, ಆಸ್ಪತ್ರೆಯಲ್ಲಿ ದಾಖಲಾಗಿದ್ದೆ ಎಂಬಂಥ ಕಾರಣವನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ.

ದೀರ್ಘ ಕಾಯಿಲೆಯಲ್ಲಿ ಈ ಸೇವೆಗೆ ಸಾಟಿ ಇಲ್ಲ. ಕ್ಷಯ, ಕ್ಯಾನ್ಸರ್ ಮೊದಲಾದ 34 ಕಾಯಿಲೆಗಳಿಗೆ ಎರಡು ವರ್ಷದ ಸೇವೆ ಮತ್ತು ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ ಇದ್ದರೆ, ಶೇ. 80ರ ದರದಲ್ಲಿ ಎರಡು ವರ್ಷದವರೆಗೂ ವಿಸ್ತರಿತ ಭತ್ಯೆ ಸಿಗಬಹುದು. ಕಾಯಿಲೆ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತೆಯೂ ಇಲ್ಲ. ಅಂಗಡಿ ಕಾಯ್ದೆಯಲ್ಲೂ ಆರು ತಿಂಗಳು ಸತತ ಸೇವೆ ಮಾಡಿದವರನ್ನು ಸಮಂಜಸ ಕಾರಣ ಮತ್ತು ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಇಲ್ಲದೆ ತೆಗೆಯಲಾಗದು.

ಯಾರಿಗೆ ಇವೆರಡೂ ಪೂರ್ತಿ ಹೊಂದುವುದಿಲ್ಲ ಎನ್ನುವುದನ್ನೂ ಹೇಳಬೇಕು. ಕುಮಟಾದ ಗೋಡಂಬಿ ಕಾರ್ಖಾನೆ, ಮೀನು ಸಂಸ್ಕರಣಾ ಘಟಕಗಳಂಥವು ಕಾರ್ಖಾನೆಗಳ ಕಾನೂನಿನಡಿ ಬಂದರೆ ಅಂಗಡಿ ಕಾಯ್ದೆಯ 12 ದಿನ ಅವರಿಗಿಲ್ಲ. ಆ ಕಾನೂನಿನಲ್ಲಿ ಕಾಯಿಲೆ ರಜೆ ಎಂಬುದೇ ಬೇರೆಯಾಗಿ ಇಲ್ಲ, ಗಳಿಕೆ ರಜೆ ಮಾತ್ರ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಅದಕ್ಕೆ 240 ದಿನದ ಕೆಲಸ ಬೇಕಿತ್ತು, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಕೇಂದ್ರದ ಸಂಹಿತೆಯಲ್ಲಿ 180 ದಿನ. ಅಲ್ಲಿಯ ಹೆಂಗಸರಿಗೆ ಇಎಸ್‌ಐಯೇ ಆಸರೆ, ಕಾಯುವ ಎರಡು ದಿನಕ್ಕೆ ಗಳಿಕೆ ರಜೆ. ಕಾರವಾರದ ಬೈತಖೋಲ ಬಂದರಿನಲ್ಲಿ ಪಾಲಿಗೆ ಬೋಟು ಹತ್ತುವವರು, ತೋಟಕ್ಕೆ ಕೊನೆ ಕೊಯ್ಯಲು ಹೋಗುವವರು ಎರಡರಿಂದಲೂ ಹೊರಗೆ ಉಳಿದಿದ್ದಾರೆ. ಅಂಗಡಿ ಕಾಯ್ದೆ ಸರ್ಕಾರ ಅಧಿಸೂಚಿಸಿದ ಪ್ರದೇಶಗಳಿಗೆ ಅನ್ವಯಿಸುವುದರಿಂದ ನಿಮ್ಮ ಕೆಲಸದ ಜಾಗದ ಗೋಡೆಯ ಮೇಲೆ ನೋಂದಣಿ ಪ್ರಮಾಣಪತ್ರ ಇದೆಯೇ ನೋಡಿ. ಕೇಂದ್ರದ ಕಾರ್ಮಿಕ ಸಂಹಿತೆಗಳು ಬಂದ ಮೇಲೆ ಹಳೆ ರಜೆ ಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಗಡಿ ಕಾಯ್ದೆ ರಾಜ್ಯದ್ದು, ಆ ಸಂಹಿತೆಗಳು ಅದನ್ನು ರದ್ದು ಮಾಡಿಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ತಿಂಗಳಿಗೊಂದು ದಿನದ ಋತುಚಕ್ರ ರಜೆಯೂ ಕಾಯಿಲೆ ರಜೆಗಿಂತ ಬೇರೆ. ಆ ಆದೇಶ ಹೈಕೋರ್ಟಿನ ಮೆಟ್ಟಿಲೇರಿದೆ.

ಅಂಗಡಿ ರಜೆ ಕೇಳುವಾಗ ಬಾಯಿಮಾತು ಸಾಲದು. ಫೋನಿನಲ್ಲಿ ಹೇಳಿದ ಮೇಲೂ ಒಂದು ವಾಟ್ಸಾಪ್ ಹಾಕಿ: “ನಮಸ್ಕಾರ ಮಾಲಕರೇ. ನಿನ್ನೆ ರಾತ್ರಿಯಿಂದ ಜ್ವರ ಇದೆ. ಇವತ್ತು 14ರಿಂದ 16ರವರೆಗೆ ಮೂರು ದಿನ ಕಾಯಿಲೆ ರಜೆ ಬರೆದುಕೊಳ್ಳಿ. ಆಸ್ಪತ್ರೆ ಚೀಟಿ ಕಳಿಸಿದ್ದೇನೆ.” ತಾರೀಖು, ದಿನಗಳ ಸಂಖ್ಯೆ, “ಕಾಯಿಲೆ ರಜೆ” ಎಂಬ ಮಾತು ಈ ಮೂರೂ ಇರಬೇಕು. ಬರೇ “ಇವತ್ತು ಬರುವುದಿಲ್ಲ” ಎಂದರೆ ಗೈರುಹಾಜರಿ ಎಂದು ಬರೆದುಕೊಳ್ಳುತ್ತಾರೆ. ತಿಂಗಳ ಕೊನೆಗೆ ರಜೆ ರಿಜಿಸ್ಟರಿನಲ್ಲಿ ಆ ಮೂರು ದಿನ ಏರಿದೆಯೇ ಎಂದು ಕಣ್ಣಾರೆ ನೋಡಿ, ಒಂದು ಫೋಟೋ ತೆಗೆದಿಡಿ. ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆ ಪತ್ರ ಇಲ್ಲದಿದ್ದರೆ ಹನ್ನೆರಡು ತಿಂಗಳು ಎಲ್ಲಿಂದ ಎಣಿಸಬೇಕು ಎಂಬುದರಲ್ಲೇ ಜಗಳ ಶುರುವಾಗುತ್ತದೆ.

ರಜೆ ಕೊಟ್ಟೂ ಸಂಬಳ ಹಿಡಿದರೆ ತಾಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ, ಒಂದು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನೇಮಕಾತಿ ಪತ್ರ ಅಥವಾ ಮೊದಲ ತಿಂಗಳ ಸಂಬಳದ ಬ್ಯಾಂಕ್ ದಾಖಲೆ, ರಜೆ ಕೇಳಿದ ಸಂದೇಶದ ಮುದ್ರಿತ ಪ್ರತಿ, ಆಸ್ಪತ್ರೆ ಚೀಟಿ, ಕಡಿತ ಕಾಣುವ ಸಂಬಳ ಚೀಟಿ ಇಷ್ಟು ಜೊತೆಗಿರಲಿ. ರಾಜ್ಯದ ಕಾರ್ಮಿಕ ಸಹಾಯವಾಣಿ 155214, ಇಎಸ್‌ಐ ನಿಗಮದ ಉಚಿತ ಸಂಖ್ಯೆ 1800-11-2526. ಫೋನ್ ಮಾಡುವ ಮೊದಲು ವಿಮಾ ಸಂಖ್ಯೆ, ಸಂಸ್ಥೆಯ 17 ಅಂಕಿಯ ಸಂಕೇತ, ಪ್ರಮಾಣಪತ್ರದ ತಾರೀಖುಗಳು ಎದುರಿಗಿರಲಿ. ಅವರು ಮೊದಲು ಕೇಳುವುದು ಅವನ್ನೇ.